ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ಗೈಡ್ ಜೊತೆ ಒಂದೇ ದಿನದಲ್ಲಿ ನೋಡಬಹುದೇ?

ನೋಡಬಹುದು, ಆದರೆ ನಿಮ್ಮ ಪಟ್ಟಿಯಲ್ಲಿರುವ ಎಲ್ಲವನ್ನೂ ಅಲ್ಲ. ಹುಬ್ಬಳ್ಳಿಯಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟು ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಇಷ್ಟನ್ನೂ ಮುಗಿಸಿ ರಾತ್ರಿ ಮರಳಬೇಕು, ಜೊತೆಗೆ ವಯಸ್ಸಾದ ತಂದೆ ತಾಯಿ ಮತ್ತು ಹನ್ನೆರಡು ವರ್ಷದ ಮಗಳು ಇರುತ್ತಾರೆ, ಗೈಡ್ ಬೇಕೇ ಅಥವಾ ಮೊಬೈಲ್ ನೋಡಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಬನಶಂಕರಿ, ಮಹಾಕೂಟ, ಕೂಡಲಸಂಗಮ ಮೂರನ್ನೂ ಈ ಸಲಕ್ಕೆ ಬಿಟ್ಟುಬಿಡಿ. ಗೈಡ್ ಮಾತ್ರ ಖಂಡಿತ ಬೇಕು, ಅದೂ ಒಬ್ಬರೇ, ದಿನವಿಡೀ ನಿಮ್ಮ ಕಾರಿನಲ್ಲೇ ಇರುವವರು.

ನಾನು ಆ ಕಡೆಯವನು. ಬೆಂಗಳೂರು, ಮೈಸೂರಿನಿಂದ ಬರುವ ನೆಂಟರನ್ನು ಕರೆದುಕೊಂಡು ಈ ದಾರಿಯಲ್ಲಿ ಹೋಗುತ್ತಲೇ ಇರುತ್ತೇನೆ. ಒಮ್ಮೆ ಪ್ರವಾಸಿ ಸಂಸ್ಥೆಯೊಂದರ ಬಸ್ಸಿನಲ್ಲೂ ಹೋಗಿದ್ದೆ. ಅಂದು ಪಟ್ಟದಕಲ್ಲಿಗೆ ಸಿಕ್ಕಿದ್ದು ಅರ್ಧ ಗಂಟೆಗೂ ಕಡಿಮೆ. ವಿರೂಪಾಕ್ಷ ಗುಡಿಯ ಒಳಗೆ ಕಾಲಿಡುತ್ತಿದ್ದಂತೆ ಬಸ್ಸಿನ ಹಾರ್ನ್ ಕೇಳಿಸಿತು. ಅಷ್ಟು ದೂರದಿಂದ ಬಂದಿದ್ದ ಹಿರಿಯರೊಬ್ಬರು ಬಾಗಿಲಲ್ಲೇ ಕೈಮುಗಿದು ಹಿಂತಿರುಗಿದ್ದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಹಾಗಾಗಿ ಒಂದು ದಿನದ ಪ್ರವಾಸ ಎಂದು ಯಾರು ಕೇಳಿದರೂ ನಾನು ಮೊದಲು ಹೇಳುವುದು ಜಾಗಗಳ ಸಂಖ್ಯೆ ಇಳಿಸಿ ಎಂದೇ.

ಈ ಮೂರು ಊರುಗಳನ್ನು ಬೇರೆ ಬೇರೆ ಸ್ಮಾರಕಗಳೆಂದು ನೋಡಿದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಲ್ಲೂ ಒಂದೇ ತರಹ ಕಾಣತೊಡಗುತ್ತದೆ. ಚಾಲುಕ್ಯರೆಂಬ ಒಂದೇ ಮನೆತನದ ಇನ್ನೂರು ವರ್ಷಗಳ ಕಥೆ ಎಂದು ನೋಡಿದರೆ ಒಂದು ದಿನ ಸಾಕಾಗುತ್ತದೆ. ಒಂದನೇ ಪುಲಕೇಶಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದು 543ರಲ್ಲಿ. ಅದನ್ನು ಹೇಳುವ ಶಾಸನ ಅಲ್ಲಿನ ಬಂಡೆಯ ಮೇಲೆಯೇ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಎದ್ದದ್ದು ಸುಮಾರು 740ರಲ್ಲಿ. ಈ ನಡುವೆ ಚಾಲುಕ್ಯರ ಶಿಲ್ಪಿಗಳು ಬಂಡೆ ಕೊರೆಯುವುದರಿಂದ ಆರಂಭಿಸಿ, ಕಲ್ಲು ಜೋಡಿಸಿ ಕಟ್ಟುವುದನ್ನು ಕೈಗೂಡಿಸಿಕೊಂಡು, ಕೊನೆಗೆ ದೊಡ್ಡ ದೇವಾಲಯಗಳನ್ನೇ ನಿಲ್ಲಿಸಿದರು. ಆದ್ದರಿಂದ ನೋಡುವ ಕ್ರಮವೂ ಅದೇ ಇರಲಿ. ಮೊದಲು ಬಾದಾಮಿಯ ಗುಹೆಗಳು, ನಂತರ ಐಹೊಳೆ, ಆಮೇಲೆ ಪಟ್ಟದಕಲ್ಲು, ಸಂಜೆಗೆ ಮತ್ತೆ ಬಾದಾಮಿಯ ಕೆರೆ. ಬಾದಾಮಿಯಿಂದ ಐಹೊಳೆಗೆ ಹೋಗುವಾಗ ದಾರಿಯಲ್ಲೇ ಪಟ್ಟದಕಲ್ಲು ಸಿಗುತ್ತದೆ. ಇಲ್ಲಿಯೇ ಇಳಿದುಬಿಡೋಣ ಎಂದು ಚಾಲಕರು ಹೇಳಬಹುದು. ಇಳಿಯಬೇಡಿ. ವಾಪಸು ಬರುವಾಗ ಹೇಗೂ ಅದೇ ದಾರಿ. ಐಹೊಳೆಯನ್ನು ನೋಡಿದ ಕಣ್ಣಿಗೆ ಪಟ್ಟದಕಲ್ಲು ಕಾಣುವ ರೀತಿಯೇ ಬೇರೆ.

ಹುಬ್ಬಳ್ಳಿಯಿಂದ ಬಾದಾಮಿಗೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೆಳಿಗ್ಗೆ ಐದೂವರೆಗೆ ಹೊರಟರೆ ಎಂಟು ಗಂಟೆಯ ಸುಮಾರಿಗೆ ಬಾದಾಮಿ ಮುಟ್ಟಿ ತಿಂಡಿ ತಿನ್ನಬಹುದು. ಅಲ್ಲಿಂದ ಐಹೊಳೆ ಸುಮಾರು 35 ಕಿಲೋಮೀಟರ್. ಐಹೊಳೆಯಿಂದ ಪಟ್ಟದಕಲ್ಲಿಗೆ ಹದಿನೈದರೊಳಗೆ, ಪಟ್ಟದಕಲ್ಲಿನಿಂದ ಬಾದಾಮಿಗೆ ಇಪ್ಪತ್ತೆರಡರಷ್ಟು. ಒಟ್ಟಿನಲ್ಲಿ ಸುತ್ತಾಟ ಕಡಿಮೆಯೇ, ಸಮಯ ಹೋಗುವುದು ನಿಂತು ನೋಡುವುದರಲ್ಲಿ. ಹಾಗೆಯೇ ಹೋಗಬೇಕು.

ತಂದೆ ತಾಯಿಯವರ ಕಾಲುಗಳಲ್ಲಿ ಬಲವಿರುವಾಗಲೇ ಗುಹೆಗಳನ್ನು ಮುಗಿಸಿ. ಬಾದಾಮಿಯಲ್ಲಿ ಹತ್ತುವ ಕೆಲಸವಿದೆ. ಮೊದಲನೆಯ ಗುಹೆಗೆ ಹೆಚ್ಚು ಮೆಟ್ಟಿಲುಗಳಿಲ್ಲ, ಮೇಲೆ ಹೋದಂತೆ ಏರು ಹೆಚ್ಚುತ್ತದೆ. ಒಂದನೇ ಗುಹೆಯ ಹೊರಗೆ, ನಿಮ್ಮ ಬಲಕ್ಕೆ, ಹದಿನೆಂಟು ಕೈಗಳ ನಟರಾಜನಿದ್ದಾನೆ. ಮಗಳಿಗೆ ಅಲ್ಲಿ ಸ್ವಲ್ಪ ಹೊತ್ತು ಕೊಡಿ. ಬಲಗೈಗಳಲ್ಲಿ ಒಂದನ್ನು, ಎಡಗೈಗಳಲ್ಲಿ ಒಂದನ್ನು ಆರಿಸಿ ಜೋಡಿಸಿ ನೋಡಿದರೆ ಪ್ರತಿ ಸಲವೂ ಹೊಸ ನೃತ್ಯಭಂಗಿ ಸಿಗುತ್ತದೆ ಎಂದು ಗೈಡ್‌ಗಳು ಬೆರಳಿಟ್ಟು ತೋರಿಸುತ್ತಾರೆ. ಮಕ್ಕಳಿಗೆ ಇದು ತುಂಬ ಹಿಡಿಸುತ್ತದೆ.

ಹಿರಿಯರು ಎಲ್ಲಿಯವರೆಗೆ ಹತ್ತಬಲ್ಲರೋ ಅಲ್ಲಿಯವರೆಗೆ ಸಾಕು, ಆದರೆ ಮೂರನೇ ಗುಹೆಯವರೆಗಾದರೂ ನಿಧಾನವಾಗಿ ಕರೆದುಕೊಂಡು ಹೋಗಿ. ನಾಲ್ಕರಲ್ಲಿ ದೊಡ್ಡದೂ ಅದೇ, ತನ್ನ ಹುಟ್ಟಿದ ವರ್ಷವನ್ನು ತಾನೇ ಹೇಳುವುದೂ ಅದೇ. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಒಂದನೇ ಪುಲಕೇಶಿಯ ಮಗ ಮಂಗಳೇಶ ಇದನ್ನು ಮಾಡಿಸಿದ ಎಂದು 578ರ ಶಾಸನ ಹೇಳುತ್ತದೆ. ಹತ್ತಿರದಲ್ಲೇ ಈ ಗುಹೆಯನ್ನು ಮಂಗಳೇಶನ ‘ಕಲ್ಮನೆ’ ಎಂದು ಕರೆದು ಅದಕ್ಕೆ ಊರೊಂದನ್ನು ದತ್ತಿ ಕೊಟ್ಟದ್ದನ್ನು ತಿಳಿಸುವ ಕನ್ನಡ ಬರಹವೂ ಇದೆ. ಆದಿಶೇಷನ ಮೇಲೆ ಕುಳಿತ ವಿಷ್ಣು, ಕೈಯೂರಿ ನಿಂತ ನರಸಿಂಹ, ಕಾಲೆತ್ತಿದ ತ್ರಿವಿಕ್ರಮ, ಹರಿಹರ ಎಲ್ಲರೂ ಒಂದೇ ಪಡಸಾಲೆಯಲ್ಲಿದ್ದಾರೆ. ತಲೆ ಎತ್ತಿ ಕಂಬಗಳ ಮೇಲಿನ ದಂಪತಿ ಶಿಲ್ಪಗಳನ್ನು ನೋಡಿ. ಛಾವಣಿಯ ಅಂಚಿನಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇನ್ನೂ ಉಳಿದಿದೆ, ತೋರಿಸುವವರು ಇಲ್ಲದಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೆಯದು ಜೈನ ಗುಹೆ, ಚಿಕ್ಕದು, ಪಾರ್ಶ್ವನಾಥ ಮತ್ತು ಬಾಹುಬಲಿಯರ ಮೂರ್ತಿಗಳಿವೆ.

ಕೋತಿಗಳ ಬಗ್ಗೆ ಒಂದು ಮಾತು. ಕೈಯಲ್ಲಿ ತಿನ್ನುವ ಪದಾರ್ಥ, ಪ್ಲಾಸ್ಟಿಕ್ ಚೀಲ ಹಿಡಿದು ಮೆಟ್ಟಿಲು ಹತ್ತಬೇಡಿ. ನೀರಿನ ಬಾಟಲಿಯೂ ಚೀಲದೊಳಗೇ ಇರಲಿ.

ಇನ್ನು ಗೈಡ್ ವಿಷಯ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರು ಬಾದಾಮಿಯ ಗುಹೆಗಳ ಬಳಿ ಸಿಗುತ್ತಾರೆ, ಆದರೆ ಇಡೀ ದಿನಕ್ಕೆ ಬೇಕೆಂದರೆ ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ಒಂದೊಂದು ಊರಿನಲ್ಲಿ ಒಬ್ಬೊಬ್ಬರನ್ನು ಹಿಡಿದರೆ ಪ್ರತಿಯೊಬ್ಬರೂ ಕಥೆಯನ್ನು ಮೊದಲಿನಿಂದ ಶುರುಮಾಡುತ್ತಾರೆ, ಬೆಳಿಗ್ಗೆ ನೋಡಿದ್ದಕ್ಕೂ ಮಧ್ಯಾಹ್ನ ನೋಡಿದ್ದಕ್ಕೂ ಕೊಂಡಿ ಬೀಳುವುದಿಲ್ಲ. ನಿಮ್ಮ ಕುಟುಂಬ, ಚಾಲಕರು, ಗೈಡ್ ಎಲ್ಲರೂ ಆರಾಮವಾಗಿ ಕೂರಬೇಕು. ವಾಹನ ಗೊತ್ತುಮಾಡುವಾಗಲೇ ಏಳು ಆಸನದ್ದು ಕೇಳಿ. ಸಂಭಾವನೆ ಇಡೀ ದಿನಕ್ಕೆ, ಇಡೀ ಕುಟುಂಬಕ್ಕೆ ಎಷ್ಟು, ಊಟ ಯಾರದು, ಸಂಜೆ ಎಷ್ಟು ಗಂಟೆಯವರೆಗೆ ಇರುತ್ತಾರೆ ಎಂಬುದನ್ನು ಹೊರಡುವ ಮುಂಚೆಯೇ ಸ್ಪಷ್ಟವಾಗಿ ಮಾತಾಡಿ. ದಾರಿಯಲ್ಲಿ ಅಂಗಡಿಗಳ ಮುಂದೆ ನಿಲ್ಲಿಸುವುದು ಬೇಡ ಎಂದೂ ಹೇಳಿಬಿಡಿ.

ಒಳ್ಳೆಯ ಗೈಡ್ ಯಾರೆಂದು ಫೋನಿನಲ್ಲೇ ತಿಳಿಯಬಹುದು. ಮಂಗಳೇಶನ ಶಾಸನ ತೋರಿಸುತ್ತೀರಾ, ಐಹೊಳೆಯ ಮೇಗುಟಿ ಬೆಟ್ಟಕ್ಕೆ ಬರುತ್ತೀರಾ ಎಂದು ಕೇಳಿ. ಉತ್ಸಾಹದಿಂದ ಹೂಂ ಎನ್ನುವವರನ್ನೇ ಕರೆದುಕೊಳ್ಳಿ. ವಾತಾಪಿ, ಇಲ್ವಲ, ಅಗಸ್ತ್ಯರ ಕಥೆ, ಪರಶುರಾಮ ಕೊಡಲಿ ತೊಳೆದ ಕಥೆ ಎಲ್ಲವನ್ನೂ ಅವರು ಹೇಳುತ್ತಾರೆ. ಹೇಳಲಿ, ನಾನೂ ಖುಷಿಯಿಂದ ಕೇಳುತ್ತೇನೆ. ಪುರಾಣ ಯಾವುದು, ಶಾಸನ ಹೇಳುವುದು ಯಾವುದು ಎಂದು ಬಿಡಿಸಿ ಹೇಳುವವರಾಗಿದ್ದರೆ ಸಾಕು. ಮೊಬೈಲಿನಲ್ಲಿ ಮಾಹಿತಿ ಸಿಗುವುದಿಲ್ಲವೆಂದಲ್ಲ. ಎಲ್ಲಿ ನಿಂತು ಯಾವ ಕಡೆ ನೋಡಬೇಕು ಎಂಬುದು ಮೊಬೈಲಿನಲ್ಲಿ ಇರುವುದಿಲ್ಲ. ಪರದೆ ನೋಡುತ್ತ ನಿಂತ ಮಗಳು ಕಲ್ಲು ನೋಡುವುದೂ ಇಲ್ಲ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲವನ್ನೂ ನೋಡುವ ಆಸೆ ಬೇಡ, ಮೂರು ನಾಲ್ಕು ಸಾಕು. ದುರ್ಗ ಗುಡಿ ಮತ್ತು ಲಾಡ್ ಖಾನ್ ಗುಡಿ ಒಂದೇ ಆವರಣದಲ್ಲಿವೆ, ನೆಲ ಸಮತಟ್ಟು, ಹಿರಿಯರಿಗೆ ಕಷ್ಟವಿಲ್ಲ. ಲಾಡ್ ಖಾನ್ ಗುಡಿಯ ಛಾವಣಿಯನ್ನು ಹೊರಗಿನಿಂದ ಗಮನಿಸಿ. ಹಾಸುಗಲ್ಲುಗಳ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮರದ ದಿಮ್ಮಿಗಳಂತೆ ಇಟ್ಟಿದ್ದಾರೆ. ಮರದಲ್ಲಿ ಕಟ್ಟಿ ಗೊತ್ತಿದ್ದ ಕೈಗಳು ಕಲ್ಲಿಗೆ ಹೊರಳಿದ್ದು ಅಲ್ಲಿ ಕಣ್ಣೆದುರೇ ಇದೆ. ದುರ್ಗ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಸುತ್ತಲೂ ಕಂಬಗಳ ಮೊಗಸಾಲೆಯಿದೆ. ಅದರೊಳಗೆ ಒಂದು ಸುತ್ತು ಬಂದರೆ ಗೋಡೆಯ ಗೂಡುಗಳಲ್ಲಿ ನಂದಿಯೊಡನೆ ನಿಂತ ಶಿವ, ನರಸಿಂಹ, ವರಾಹ, ಮಹಿಷಮರ್ದಿನಿ, ಹರಿಹರ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಕಾರಿನಲ್ಲೇ ಸ್ವಲ್ಪ ಮುಂದೆ ಹೋದರೆ ರಾವಣಫಡಿ ಗುಹೆ. ಅಲ್ಲಿನ ಶಿವ ಸಪ್ತಮಾತೃಕೆಯರ ನಡುವೆ ಕುಣಿಯುತ್ತಾನೆ. ಬೆಳಿಗ್ಗೆ ನೋಡಿದ ನಟರಾಜನನ್ನು ನೆನಪಿಸಿಕೊಂಡು ಎರಡನ್ನೂ ಹೋಲಿಸಲು ಮಗಳಿಗೆ ಹೇಳಿ.

ಮೇಗುಟಿ ಬೆಟ್ಟಕ್ಕೆ ಮೆಟ್ಟಿಲುಗಳಿವೆ. ತಂದೆ ತಾಯಿಯವರು ಕೆಳಗೆ ನೆರಳಲ್ಲಿ ವಿಶ್ರಾಂತಿ ಪಡೆಯಲಿ, ನೀವು ಮತ್ತು ಮಗಳು ಗೈಡ್ ಜೊತೆ ಹತ್ತಿ. ಮೇಲಿರುವ ಜೈನ ಬಸದಿ ಪೂರ್ಣಗೊಂಡಿಲ್ಲ, ಶಿಲ್ಪವೂ ಹೆಚ್ಚಿಲ್ಲ. ಹತ್ತಬೇಕಾದದ್ದು ಪೂರ್ವದ ಗೋಡೆಯ ಮೇಲಿನ ಶಾಸನಕ್ಕಾಗಿ. 634ರಲ್ಲಿ ರವಿಕೀರ್ತಿ ಎಂಬ ಕವಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು, ಹರ್ಷವರ್ಧನನನ್ನು ಹಿಮ್ಮೆಟ್ಟಿಸಿದ್ದನ್ನು ಸಂಸ್ಕೃತದಲ್ಲಿ ಬರೆದಿದ್ದಾನೆ, ಲಿಪಿ ಹಳಗನ್ನಡದ್ದು. ಕೊನೆಯಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮನಾದವನು ಎನ್ನುತ್ತಾನೆ. ಶಾಲೆಯ ಪಾಠದಲ್ಲಿ ಹೆಸರು ಕೇಳಿದ್ದ ಐಹೊಳೆ ಶಾಸನದ ಮುಂದೆಯೇ ನಿಂತಿದ್ದೇನೆ ಎಂದು ತಿಳಿದಾಗ ನಮ್ಮ ಮನೆಯ ಮಕ್ಕಳ ಮುಖದಲ್ಲಿ ಮೂಡಿದ ಬೆರಗು ನನಗೆ ಮರೆಯಲಾಗದ್ದು.

ಊಟಕ್ಕೆ ಐಹೊಳೆಯಲ್ಲಿ ಹೆಚ್ಚು ಆಯ್ಕೆಯಿಲ್ಲ. ಬಾದಾಮಿಯ ಖಾನಾವಳಿಯಿಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಕಟ್ಟಿಸಿಕೊಂಡು ಬಂದರೆ ಸಮಯವೂ ಉಳಿಯುತ್ತದೆ.

ಪಟ್ಟದಕಲ್ಲಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿ ಎರಡು ಗಂಟೆ ಇಟ್ಟುಕೊಳ್ಳಿ. 1987ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾಣ. ಆವರಣದೊಳಗೆ ಹೋದ ಕೂಡಲೇ ಗುಡಿಗಳ ಶಿಖರಗಳನ್ನು ನೋಡಿ. ಕಾಶಿ ವಿಶ್ವನಾಥ, ಗಳಗನಾಥ ಗುಡಿಗಳ ಶಿಖರ ಬಾಗಿಕೊಂಡು ಮೇಲೇರುತ್ತದೆ, ಅದು ಉತ್ತರದ ರೇಖಾನಾಗರ. ಸಂಗಮೇಶ್ವರ, ವಿರೂಪಾಕ್ಷ ಗುಡಿಗಳದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ವಿಮಾನ. ಎರಡೂ ಶೈಲಿಗಳು ಇಷ್ಟು ಹತ್ತಿರ ನಿಂತಿರುವಾಗ ಮಗುವಿಗೂ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ.

ವಿರೂಪಾಕ್ಷ ಗುಡಿಯಲ್ಲಿ ಮಾತ್ರ ಆತುರ ಬೇಡವೇ ಬೇಡ. ಇದರ ಹಿಂದಿನ ಕಥೆಯನ್ನು ಗೈಡ್ ಬೆಳಿಗ್ಗೆ ಬಾದಾಮಿಯಲ್ಲೇ ಶುರುಮಾಡಿರಬೇಕು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹಿಡಿದ, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ. ಸುಮಾರು ನೂರು ವರ್ಷಗಳ ನಂತರ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದ. ಗೆದ್ದವನು ಊರನ್ನು ಹಾಳುಮಾಡಲಿಲ್ಲ. ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಹಿಂತಿರುಗಿಸಿದ, ಅದನ್ನು ಹೇಳುವ ಕನ್ನಡ ಶಾಸನ ಆ ದೇವಾಲಯದ ಕಂಬದ ಮೇಲೆ ಇಂದಿಗೂ ಇದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಈ ವಿರೂಪಾಕ್ಷ ಗುಡಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಬಾದಾಮಿಯ ಬಂಡೆಯಲ್ಲಿ ಪಲ್ಲವರ ಬರಹ, ಕಂಚಿಯ ಕಂಬದಲ್ಲಿ ಕನ್ನಡದ ಬರಹ, ಇಲ್ಲಿ ಈ ಗುಡಿ. ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸಿದಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಕಟ್ಟಿದವನ ಹೆಸರೂ ಇಲ್ಲಿದೆ ಎಂಬುದು ಇನ್ನೊಂದು ವಿಶೇಷ. ಗುಂಡ ಎಂಬ ಸೂತ್ರಧಾರಿಯನ್ನು, ಅಂದರೆ ಮುಖ್ಯ ಶಿಲ್ಪಿಯನ್ನು, ಶಾಸನ ಹೊಗಳುತ್ತದೆ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿದ್ದನ್ನು ಹೇಳುತ್ತದೆ. ಗುಂಡನ ಹೆಸರು ಎಲ್ಲಿದೆ ತೋರಿಸಿ ಎಂದು ಗೈಡ್ ಅವರನ್ನು ಕೇಳಿ. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಚಿಕ್ಕ ಚಿಕ್ಕ ಪಟ್ಟಿಗಳಲ್ಲಿ ಕೆತ್ತಿದ್ದಾರೆ. ಒಳಗೆ ಬೆಳಕು ಕಡಿಮೆ, ಒಂದು ಟಾರ್ಚ್ ಇರಲಿ. ಇಲ್ಲಿ ಪೂಜೆ ಇಂದಿಗೂ ನಡೆಯುತ್ತದೆ, ನಿಮ್ಮ ತಾಯಿಯವರಿಗೆ ದೇವರ ದರ್ಶನವೂ ಆಗುತ್ತದೆ. ತಂಪಾದ ಕಲ್ಲಿನ ನೆಲದ ಮೇಲೆ ಅವರು ಕುಳಿತಿರಲಿ, ಕಂಬಗಳ ಮೇಲಿನ ಕಥೆಗಳನ್ನು ಮೊಮ್ಮಗಳಿಗೆ ಅವರೇ ಹೇಳಲಿ. ರಾಮಾಯಣದ ಪ್ರಸಂಗವನ್ನು ಗುರುತಿಸುವುದರಲ್ಲಿ ಅಜ್ಜಿಯರು ಗೈಡ್‌ಗಳಿಗಿಂತ ಮುಂದಿರುವುದನ್ನು ನಾನು ನೋಡಿದ್ದೇನೆ.

ಐದು ಗಂಟೆಗೆ ಹೊರಟರೆ ಬಾದಾಮಿಯ ಅಗಸ್ತ್ಯ ತೀರ್ಥಕ್ಕೆ ಬಿಸಿಲು ಇಳಿಯುವ ಮುಂಚೆ ತಲುಪುತ್ತೀರಿ. ಭೂತನಾಥ ಗುಡಿ ಕೆರೆಯ ಪೂರ್ವದ ದಂಡೆಯಲ್ಲಿ ಪಶ್ಚಿಮಕ್ಕೆ ಮುಖಮಾಡಿದೆ, ಸಂಜೆಯ ಬೆಳಕು ನೇರವಾಗಿ ಅದರ ಮೇಲೆ ಬೀಳುತ್ತದೆ. ಅಷ್ಟು ಹೊತ್ತಿಗೆ ಎಲ್ಲರಿಗೂ ದಣಿವಾಗಿರುತ್ತದೆ, ಇಲ್ಲಿ ವಿವರಣೆ ಬೇಡ, ದಂಡೆಯಲ್ಲಿ ಸುಮ್ಮನೆ ಕುಳಿತರೂ ಆಯಿತು. ಮಗಳಿಗೆ ಇನ್ನೂ ಉತ್ಸಾಹವಿದ್ದರೆ ಕೆರೆಯ ಆಚೆ ಬಂಡೆಯ ಮೇಲಿರುವ, ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಶಾಸನವನ್ನು ತೋರಿಸಲು ಗೈಡ್ ಅವರಿಗೆ ಹೇಳಿ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ತ್ರಿಪದಿಯನ್ನು ಅಲ್ಲಿ ನಿಂತು ಜೋರಾಗಿ ಓದಿಸಿ. ಏಳರ ಸುಮಾರಿಗೆ ಹೊರಟರೆ ಒಂಬತ್ತೂವರೆಗೆ ಹುಬ್ಬಳ್ಳಿ.

ಕಾಲದ ವಿಷಯಕ್ಕೆ ಬಂದರೆ ನವೆಂಬರಿನಿಂದ ಫೆಬ್ರವರಿ ಉತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ಹಿರಿಯರನ್ನು ಕರೆದುಕೊಂಡು ಈ ಸುತ್ತಾಟ ದಯವಿಟ್ಟು ಬೇಡ, ಚಪ್ಪಲಿ ಬಿಟ್ಟು ನಡೆಯಬೇಕಾದ ಕಡೆ ಕಲ್ಲು ಕಾದ ಹೆಂಚಾಗಿರುತ್ತದೆ. ಬೇಗ ಬಿಚ್ಚಿ ಹಾಕಿಕೊಳ್ಳಲು ಬರುವ ಪಾದರಕ್ಷೆ, ಟೋಪಿ, ಹಿರಿಯರಿಗೆ ಒಂದು ಊರುಗೋಲು ಇರಲಿ. ಟಿಕೆಟ್ ಮೂರೂ ಕಡೆ ಬೇರೆ ಬೇರೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬೇಕಿಲ್ಲ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳು ಬಾದಾಮಿಯಲ್ಲೂ ಐಹೊಳೆಯಲ್ಲೂ ಇವೆ, ಎರಡಕ್ಕೂ ಶುಕ್ರವಾರ ರಜೆ. ಆದ್ದರಿಂದ ಶುಕ್ರವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ನೀವು ಮೇಗುಟಿ ಹತ್ತುವಾಗ ತಂದೆ ತಾಯಿಯವರು ಕುಳಿತುಕೊಳ್ಳಲು ದುರ್ಗ ಗುಡಿಯ ಆವರಣದಲ್ಲಿರುವ ಆ ವಸ್ತುಸಂಗ್ರಹಾಲಯವೇ ಅನುಕೂಲ.