ಲೆಕ್ಕ ಬಾರದ ಮಗ, ಜೆಸಿಬಿ ಸೀಟು

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗನಿಗೆ 19. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರು ಸಲ ಫೇಲು. ಅಂಕಿ ಕಂಡರೆ ಆಗೋದಿಲ್ಲ. ಜೆಸಿಬಿ ಕಲಿಯುತ್ತೇನೆ ಅಂತಾನೆ. ಅವರಪ್ಪ ಮಾತು ಬಿಟ್ಟಿದ್ದಾರೆ. ಮಣ್ಣು ಅಗೆಯೋದಕ್ಕಾ ಇಷ್ಟು ಓದಿಸಿದ್ದು?’

ಅಮ್ಮಾ, ಆ ಕೊನೆಯ ಸಾಲಿಗೆ ನನಗೆ ಸ್ವಲ್ಪ ಸಿಟ್ಟೇ ಬಂತು. ಇರಲಿ, ಮೊದಲು ಅವರಪ್ಪನ ಮಾತಿಗೂ ಮರ್ಯಾದೆ ಕೊಟ್ಟುಬಿಡೋಣ. ಎಸ್ಸೆಸ್ಸೆಲ್ಸಿ ಪಾಸಾದರೆ ಒಳ್ಳೆಯದೇ. ಐಟಿಐನಲ್ಲಿ ಫಿಟ್ಟರ್, ಟರ್ನರ್ ಸೀಟಿಗೆ ಅದು ಬೇಕು. ಕ್ರೇನಿಗೆ ಹೋದರಂತೂ ಲೋಡ್ ಚಾರ್ಟ್, ಅಂದರೆ ಎಷ್ಟು ತೂಕ ಎತ್ತಬಹುದು ಅನ್ನುವ ಪಟ್ಟಿ, ಓದಲೇಬೇಕು. ಕ್ರೇನಿನ ಉದ್ದನೆಯ ತೋಳು, ಬೂಮ್, ಹೊರಗೆ ಚಾಚಿದಷ್ಟೂ ಎತ್ತಬಹುದಾದ ತೂಕ ಇಳಿಯುತ್ತದೆ. ಅಂದಾಜಿಗೆ ಎತ್ತಿದವನು ಕ್ರೇನ್ ಸಮೇತ ಮಗುಚಿಕೊಳ್ಳುತ್ತಾನೆ. ಆಯ್ತು, ಅವರ ಪಾಲು ಮುಗಿಯಿತು.

ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಒಳಚರಂಡಿಗೆ ಅಗೆಯುತ್ತಿದ್ದರು. ನಕ್ಷೆ ಹಿಡಿದಿದ್ದ ಎಂಜಿನಿಯರ್ ‘ನೀರಿನ ಪೈಪು ಆ ಕಡೆ ಇದೆ, ನೀನು ಹೊಡಿ’ ಅಂದರು. ಆಪರೇಟರ್ ಎರಡನೇ ಬಕೆಟ್ಟಿಗೇ ನಿಲ್ಲಿಸಿದ. ಎಂಜಿನ್ ಸದ್ದು ಇಳಿಸಿದ. ಬಕೆಟ್ಟಿನ ಹಲ್ಲಿನಿಂದ, ಕಾವಲಿಯಿಂದ ದೋಸೆ ಎಬ್ಬಿಸುವ ಹಾಗೆ, ಮಣ್ಣನ್ನು ಪದರ ಪದರವಾಗಿ ಕೆರೆದ. ಹೆಲ್ಪರ್ ಹುಡುಗ ಕೈಯಲ್ಲಿ ಸರಿಸಿ ನೋಡಿದರೆ ಪೈಪು ಅಲ್ಲೇ! ಒಂದು ಗೀರೂ ಬಿದ್ದಿರಲಿಲ್ಲ. ಹೇಗೆ ಗೊತ್ತಾಯ್ತಪ್ಪಾ ಅಂದೆ. ‘ಮಣ್ಣು ಸಡಿಲ ಇತ್ತು ಸಾರ್, ಯಾರೋ ಹಿಂದೆ ಅಗೆದಿದ್ದಾರೆ. ಲಿವರ್‌ನಲ್ಲೇ ಗೊತ್ತಾಗುತ್ತೆ.’ ಎಂಜಿನಿಯರ್ ನಕ್ಷೆ ಮಡಚಿದರು.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. 2001ರಲ್ಲಿ ಆ ಗಣಿಗಳು ಮುಚ್ಚಿದವು. ಅಲ್ಲೂ ಯಂತ್ರ ನಡೆಸುವವನದೇ ಕೈ: ಮೇಲೆ ಕೂತು ಹಗ್ಗದಲ್ಲಿ ಜನರನ್ನು ಗಣಿಗೆ ಇಳಿಸುವ ಎಂಜಿನ್ ಡ್ರೈವರ್‌ಗೆ ಆ ಜನ ಕಾಣುತ್ತಿರಲಿಲ್ಲ. ಸನ್ನೆಯ ಗಂಟೆ ಎಷ್ಟು ಸಲ ಬಡಿಯಿತು, ಆಳ ತೋರಿಸುವ ಮುಳ್ಳು ಎಲ್ಲಿ ನಿಂತಿತು, ಅಷ್ಟೇ. ಅವನ ಕೈಯಲ್ಲಿ ಎಷ್ಟು ಮನೆಗಳಿದ್ದವು, ಹೇಳಿ.

ಹಾಗಂತ ಅಂಕಿ ನಿಮ್ಮ ಮಗನನ್ನು ಬಿಡುವುದಿಲ್ಲ. ಜೆಸಿಬಿ ಬಾಡಿಗೆ ಗಂಟೆ ಲೆಕ್ಕ. ಎಂಜಿನ್ ಓಡಿದ ಗಂಟೆ ತೋರಿಸುವ ‘ಅವರ್ ಮೀಟರ್’ ಬೆಳಿಗ್ಗೆ 1462.3, ಸಂಜೆ 1468.8 ಅಂದರೆ 6.5, ಆರೂವರೆ ಗಂಟೆ. ಆ ‘ಪಾಯಿಂಟ್ ಐದು’ ಅಂದರೆ ಐದು ನಿಮಿಷ ಅಲ್ಲ, ಅರ್ಧ ಗಂಟೆ. ಮೇಷ್ಟ್ರು ವರ್ಷಗಟ್ಟಲೆ ಹೇಳಿಯೂ ಹತ್ತದ ದಶಮಾಂಶ, ಒಂದು ಸಲ ಅರ್ಧ ಗಂಟೆಯ ಬಾಟಾ (ಭತ್ಯೆ) ಕಟ್ಟಾದರೆ ತಾನಾಗಿ ಹತ್ತುತ್ತದೆ. ನೀವೇ ಬರೆದಿದ್ದೀರಲ್ಲ, ಕೊಬ್ಬರಿ ಮಾರಿ ಬಂದ ದಿನ ಚೀಲದ ತೂಕ ಕಳೆದು ದುಡ್ಡನ್ನು ಬಾಯಲ್ಲೇ ಹೇಳುತ್ತಾನೆ ಅಂತ! ಅವನಿಗೆ ಲೆಕ್ಕ ಬಾರದು ಅಂತ ತೀರ್ಮಾನ ಮಾಡಿದವರು ಯಾರು?

ಜೆಸಿಬಿ ಅನ್ನೋದು ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲಿಷಿನವನ ಇನಿಷಿಯಲ್. 1945ರಲ್ಲಿ ಬಾಡಿಗೆ ಗ್ಯಾರೇಜಿನಲ್ಲಿ ಸೆಕೆಂಡ್ ಹ್ಯಾಂಡ್ ವೆಲ್ಡಿಂಗ್ ಸೆಟ್ ಇಟ್ಟುಕೊಂಡು ಟ್ರೈಲರ್ ಮಾಡಿದವನು. ನಾವೋ, ಆಯುಧಪೂಜೆ ದಿನ ಯಂತ್ರಕ್ಕೆ ಹಾರ ಹಾಕಿ ಕುಂಬಳಕಾಯಿ ಒಡೆಯುತ್ತೇವೆ, ಅದನ್ನು ಓಡಿಸುವವನಿಗೆ ಹೆಣ್ಣು ಕೊಡುವುದಿಲ್ಲ. ಕಾಲೇಜಿನ ಫೀಸಿಗೆ ತೋಟ ಅಡ ಇಡುತ್ತೇವೆ. ಡಿಗ್ರಿ ಮುಗಿಸಿ ಸುಮ್ನೆ ಮನೆಯಲ್ಲಿ ಕೂತವನನ್ನು ‘ಓದಿದ ಹುಡುಗ’ ಅಂತೇವೆ.

ಮೊದಲು ಲೈಸೆನ್ಸ್ ಮಾಡಿಸಿ. ಆಮೇಲೆ ಒಳ್ಳೆಯ ಆಪರೇಟರ್ ಹತ್ತಿರ ಹೆಲ್ಪರ್ ಆಗಿ ಬಿಡಿ, ಬೆಳಿಗ್ಗೆ ಪಿನ್ನುಗಳಿಗೆ ಗ್ರೀಸ್ ಹೊಡೆಯುವುದರಿಂದ ಶುರುವಾಗಲಿ. ಪಕ್ಕದ ಮಣ್ಣಿಗೆ ಆಸರೆ ಕೊಡದ ಆಳದ ಗುಂಡಿಗೆ ಯಾರು ಇಳಿ ಅಂದರೂ ಇಳಿಯಬೇಡ ಅಂತ ಹೇಳಿ. ಈ ಪುಟವನ್ನು ಅವರಪ್ಪನಿಗೆ ತೋರಿಸಿ. ಸಿಟ್ಟು ಬಂದರೆ ನನಗೇ ಬರೆಯಲಿ, ಅಚ್ಚು ಹಾಕುತ್ತೇನೆ.

- ಸಂ.