ದುಬೈನಲ್ಲಿ ಹುಟ್ಟಿದ ಮೊಮ್ಮಗಳ ಪೌರತ್ವವನ್ನು ವಿರಾಜಪೇಟೆಗೆ ಬಂದ ಮೇಲೆ ಮಾಡಿಸಬಹುದಾ? ಮಗ, ಸೊಸೆ ಇಬ್ಬರೂ ಭಾರತದವರು.

ಊರಿಗೆ ಬರೋವರೆಗೆ ಕಾಯಬೇಡಿ. ಹುಟ್ಟಿದ ಒಂದು ವರ್ಷದೊಳಗೆ ದುಬೈನ ಭಾರತೀಯ ಕಾನ್ಸುಲೇಟ್‌ನಲ್ಲೇ ಜನನ ನೋಂದಣಿ ಆಗಬೇಕು. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದವರಿಗೆ ಇದೇ ನಿಯಮ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಸುಮ್ನೆ ತಲೆನೋವು.

ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ದುಬೈನಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗಲ್ಲ, ಹಾಗಾಗಿ ನಿಮಗೆ ಇದು ಸುಲಭ. ಅಮೆರಿಕದಲ್ಲಿ ಹುಟ್ಟಿದ್ದರೆ ಲೆಕ್ಕವೇ ಬೇರೆ ಇರ್ತಿತ್ತು.

ಇನ್ನೊಂದು, ನಮ್ಮ ಕೊಡಗಿನವರ ಮನೆಹೆಸರು. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಬರೀ ಇನಿಶಿಯಲ್, ಮಗುವಿನ ಆಸ್ಪತ್ರೆ ಕಾಗದದಲ್ಲಿ ಪೂರ್ತಿ ಮನೆಹೆಸರು ಅಂತಾದರೆ ಜಾಸ್ತಿ ಓಡಾಟ. ಅಲ್ಲಿನ ಜನನ ಪತ್ರ ಬರೆಸುವಾಗಲೇ ಒಂದೊಂದು ಅಕ್ಷರ ತಾಳೆ ನೋಡಲು ಮಗನಿಗೆ ಹೇಳಿ.