ನಿದ್ದೆಗೆ ಗಾಂಜಾ: ಜರ್ಮನಿಯ ಇನ್ಶೂರೆನ್ಸ್ ದುಡ್ಡು ಕೊಡುತ್ತದಾ?

ಮ್ಯೂನಿಕ್‌ಗೆ ಬಂದಮೇಲೆ ನಿದ್ದೆಯೇ ಹತ್ತುತ್ತಿಲ್ಲ, ಇಲ್ಲಿ ಗಾಂಜಾವನ್ನು ಔಷಧಿ ಅಂತ ಕೊಡುತ್ತಾರಂತೆ, ಆಫೀಸಿನಲ್ಲಿ ಒಬ್ಬರಿಗೆ ಸಿಕ್ಕಿದೆಯಂತೆ, ಸಂಬಳದಲ್ಲಿ ಅಷ್ಟೊಂದು ಹಿಡಿದುಕೊಳ್ಳುವ ಸರ್ಕಾರಿ ಇನ್ಶೂರೆನ್ಸ್ ಅದಕ್ಕೆ ದುಡ್ಡು ಕೊಡುತ್ತದಾ ಎಂದು ಕೇಳಿದ್ದೀರಿ.

ಬರೀ ನಿದ್ದೆ ಬರಲ್ಲ ಅಂದರೆ ಕೊಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ. 2017ರ ಮಾರ್ಚ್‌ನಿಂದ ಕ್ರಾಂಕೆನ್‌ಕಾಸೆ, ಅಂದರೆ ನೀವು ಹೇಳುವ ಸರ್ಕಾರಿ ಇನ್ಶೂರೆನ್ಸ್ (ಇಲ್ಲಿ ಚಿಕ್ಕದಾಗಿ ಕಾಸೆ), ಗಾಂಜಾ ಔಷಧಿಗೆ ದುಡ್ಡು ಕೊಡುತ್ತಿರುವುದು ನಿಜ. ಆದರೆ ಕಾಯಿಲೆ ಗಂಭೀರವಾಗಿರಬೇಕು. ಅದಕ್ಕೆ ಮಾಮೂಲಿ ಚಿಕಿತ್ಸೆ ಇರಬಾರದು, ಇದ್ದರೂ ನಿಮಗೆ ಆಗಿಬರುವುದಿಲ್ಲ ಎಂದು ಡಾಕ್ಟರ್ ಕಾರಣ ಬರೆಯಬೇಕು. ಹೀಗೆ ಸಿಗುವವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ನೋವು ತಿಂದವರು. ಮೊದಲ ಸಲಕ್ಕೆ ಸಾಮಾನ್ಯವಾಗಿ ಕಾಸೆಯ ಒಪ್ಪಿಗೆಯೂ ಬೇಕು. 2024ರ ಅಕ್ಟೋಬರ್‌ನಿಂದ ಕೆಲವು ಬಗೆಯ ಡಾಕ್ಟರುಗಳಿಗೆ, ನಿದ್ದೆಯ ತಜ್ಞರಿಗೂ ಸೇರಿ, ಆ ಒಪ್ಪಿಗೆ ಕಡ್ಡಾಯವಿಲ್ಲ. ಷರತ್ತು ಮಾತ್ರ ಅವೇ. ತಪ್ಪಿ ಬರೆದರೆ ಕಾಸೆ ಆಮೇಲೆ ಡಾಕ್ಟರ್ ಹತ್ತಿರವೇ ದುಡ್ಡು ಕೇಳಬಹುದು, ಹಾಗಾಗಿ ಅವರೂ ಸುಮ್ನೆ ಬರೆದುಕೊಡುವುದಿಲ್ಲ.

ನಿಮ್ಮ ಆಫೀಸಿನವರಿಗೆ ಸಿಕ್ಕಿದ್ದು ಬಹುಶಃ ಪ್ರೈವೇಟ್ ಚೀಟಿ, ಅಂದರೆ ಕಾಸೆ ದುಡ್ಡು ಕೊಡದ ಡಾಕ್ಟರ್ ಚೀಟಿ. 2024ರ ಏಪ್ರಿಲ್ 1ಕ್ಕೆ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದರು. ಆಮೇಲೆ ನೋಡಿ, ಆನ್‌ಲೈನಿನಲ್ಲಿ ಒಂದು ಫಾರಂ ತುಂಬಿಸಿಕೊಂಡು ಚೀಟಿ ಕೊಡುವ ವ್ಯಾಪಾರ ಜೋರಾಯಿತು. ಅಲ್ಲಿ ಫೀಸೂ ನಿಮ್ಮದೇ, ಔಷಧಿಯ ದುಡ್ಡೂ ನಿಮ್ಮದೇ. ಕಾಸೆ ಒಪ್ಪಿದ ಔಷಧಿಗಾದರೆ ಕೈಯಿಂದ ಹೋಗುವುದು ಸಾಮಾನ್ಯವಾಗಿ 5ರಿಂದ 10 ಯೂರೋ, ಅಷ್ಟೇ.

ನನ್ನ ಕೇಳಿದರೆ ಮೊದಲು ಹೌಸ್‌ಆರ್ಟ್ಸ್, ಅಂದರೆ ನಿಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ. ನಿದ್ರಾಹೀನತೆಗೆ ಇಲ್ಲಿ ಮೊದಲ ಮದ್ದು ಮಾತ್ರೆಯಲ್ಲ, ಮಲಗುವ ಏಳುವ ರೂಢಿಯನ್ನೇ ತಿದ್ದುವ ವರ್ತನಾ ಚಿಕಿತ್ಸೆ. ಅದಕ್ಕೆ ಕಾಸೆ ದುಡ್ಡು ಕೊಡುತ್ತದೆ. ಸೋಮ್ನಿಯೋ ಅಂತ ಒಂದು ಮೊಬೈಲ್ ಆಪ್ ಇದೆ, ಅದನ್ನೂ ಡಾಕ್ಟರ್ ಚೀಟಿಯಲ್ಲೇ ಬರೆಯುತ್ತಾರೆ! ಊರಲ್ಲಿ ಹೇಳಿದರೆ ನಗುತ್ತಾರೆ ಅಲ್ವಾ? ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗು, ದಿನಾ ಒಂದೇ ಹೊತ್ತಿಗೆ ಏಳು, ಇಂಥದ್ದನ್ನೇ ವಾರಗಟ್ಟಲೆ ಮಾಡಿಸುತ್ತಾರೆ. ಬೇಜಾರಿನ ಕೆಲಸ, ಆದರೆ ಗುಣ ಜಾಸ್ತಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಕಿಟಕಿಯ ರೊಲ್ಲಾಡೆನ್ (ಹೊರಗಿನ ಶಟರ್) ಪೂರ್ತಿ ಇಳಿಸಿಬಿಡಿ.

ಮುಂದೆ ಎಂದಾದರೂ ಗಾಂಜಾ ಔಷಧಿ ಸಿಕ್ಕರೂ ರಜೆಗೆ ಊರಿಗೆ ಹೊರಟಾಗ ಬ್ಯಾಗಿನಲ್ಲಿ ಹಾಕಿಕೊಳ್ಳಬೇಡಿ. ನಮ್ಮಲ್ಲಿ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಜರ್ಮನ್ ಚೀಟಿ ತೋರಿಸಿ ಪಾರಾಗುತ್ತೇನೆ ಅನ್ನುವ ಭ್ರಮೆ ಬೇಡ. ಅಮ್ಮನ ಮಂಡಿನೋವಿಗೆ ಅಂತಲೂ ಬೇಡ.